ಹಡಗಮ್ಮನ ದಿಂಬಿನ ಕವರ್

ಹಡಗಮ್ಮ ಜೀವಮಾನದಲ್ಲಿ ಕಳ್ಳತನ ಮಾಡಿದ್ದು ಒಂದೇ ಸಲ, ಅದೂ ಸೊಸೆಗೆ ಬುದ್ಧಿ ಕಲಿಸುವುದಕ್ಕೆ.

ಹಡಗಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ವರ್ಷಕ್ಕೊಮ್ಮೆ ಗಂಡನ ಜೊತೆ ಅದೇ ಕಂಪನಿಯ ಅದೇ ಪ್ರವಾಸದ ಹಡಗು ಹತ್ತಿ, ನಾಲ್ಕು ಊರು ಸುತ್ತಿ ಬಂದು, ಉಳಿದ ದಿನಗಳನ್ನೆಲ್ಲ ಅದರ ಸುದ್ದಿಯಲ್ಲೇ ಕಳೆಯುವ ಹೆಂಗಸನ್ನು ಬೀದಿ ಬೇರೆ ಏನೆಂದು ಕರೆಯಬೇಕು? ಕರೆದರೆ ಅವರಿಗೇನೂ ಬೇಸರವಿರಲಿಲ್ಲ. ಮನೆಯವರದೇ ಲಾಂಡ್ರಿ. ಅದರ ಗಲ್ಲಾದ ಹಿಂದೆ ಕೂತು, ಮಾಸಿದ ಅಂಗಿ ಕೊಡಲು ಬಂದವರ ಕಿವಿಗೂ ನಾಲ್ಕು ಮಾತು ಹಡಗಿನದು ಹಾಕದೆ ಅವರು ಯಾರನ್ನೂ ಕಳಿಸಿದವರಲ್ಲ.

ಈ ಸಲ ಹಡಗಿನಿಂದ ಇಳಿದು ಬಂದವರು ಕೈಕಾಲು ಕೂಡ ತೊಳೆಯಲಿಲ್ಲ. ಸೀದಾ ಅಂಗಡಿಯ ಹಿಂದಿನ ಇಸ್ತ್ರಿ ಕೋಣೆಗೆ ಬಂದು, ಪೆಟ್ಟಿಗೆ ತೆರೆದು, ಬಟ್ಟೆಗಳ ನಡುವೆ ಬಚ್ಚಿಟ್ಟಿದ್ದ ಒಂದು ಬಿಳಿ ದಿಂಬಿನ ಕವರ್ ತೆಗೆದು ಸೊಸೆಯ ಮುಂದೆ ಮೇಜಿನ ಮೇಲಿಟ್ಟರು.

“ನೋಡು. ಕಣ್ತುಂಬ ನೋಡು. ಇದಕ್ಕೆ ಇಸ್ತ್ರಿ ಅಂತಾರೆ.”

ಸೊಸೆ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಅವಳ ಮಗಳು ಶಾಲೆಯ ಚೀಲವನ್ನು ಹೆಗಲಲ್ಲೇ ಹೊತ್ತುಕೊಂಡು ನಡುವೆ ತಲೆ ತೂರಿಸಿದಳು. ಬಾಯಿ ಮುಚ್ಚಿ ಗೊತ್ತಿಲ್ಲದ ಹುಡುಗಿ, ಮನೆಯವರೆಲ್ಲ ಗಿಣಿ ಎಂದೇ ಕರೆಯುತ್ತಿದ್ದರು.

“ಅಜ್ಜಿ, ಇದು ಹಡಗಿಂದಲ್ವಾ? ಕೇಳಿ ತಂದ್ರಾ?”

“ಕೇಳೋದೇನೇ ಬಂತು? ನಾನು ಮಲಗಿದ ದಿಂಬು ಅದು.”

“ಹಾಗಾದ್ರೆ ಕದ್ದಿದ್ದು.”

“ಹೋಗೇ, ಹೋಗಿ ಯೂನಿಫಾರ್ಮ್ ಬಿಚ್ಚು. ದೊಡ್ಡ ಪೊಲೀಸು ಬಂದ್ಲು.” ಅತ್ತೆ ಮತ್ತೆ ಸೊಸೆಯ ಕಡೆ ತಿರುಗಿದರು. “ಮೂಲೆ ನೋಡು, ಹೇಗೆ ಕೂತಿದೆ. ಕವರಿನ ಬಾಯಿಯ ಅಂಚನ್ನ ಒಳಗೆ ಎರಡು ಸಲ ಮಡಚಿ ಆಮೇಲೆ ತಿಕ್ಕಿದ್ದಾರೆ. ತಲೆ ಇಟ್ರೆ ಎಲ್ಲೂ ಒತ್ತಲ್ಲ. ಯಾರೋ ಪುಣ್ಯಾತ್ಗಿತ್ತಿ ಕೂತು ಮನಸ್ಸಿಟ್ಟು ಮಾಡಿದ್ದಾಳೆ. ನಾನು ಬೇರೆ ಹಡಗಿಗೆ ಯಾಕೆ ಹೋಗಲ್ಲ ಅಂತ ಕೇಳ್ತಾರಲ್ಲ, ಇದಕ್ಕೇ ಹೋಗಲ್ಲ. ಇಷ್ಟು ವರ್ಷದಿಂದ ಬಡ್ಕೋತಿದೀನಿ, ನಿನ್ನ ಕೈಗೆ ಇದು ಹತ್ತಿತಾ?”

ಸೊಸೆ ಕವರನ್ನು ತಿರುಗಿಸಿ ನೋಡಿದಳು. ಕವರಿನ ಹೊಲಿದ ಕಡೆಯ ಮೂಲೆಯಲ್ಲಿ ಒಂದು ಸಣ್ಣ ತೇಪೆ ಇತ್ತು. ಬಿಳಿ ಬಟ್ಟೆಗೆ ತಿಳಿನೀಲಿ ದಾರದಲ್ಲಿ ಹಾಕಿದ ರಿಪೇರಿ. ಆ ದಿನ ಬಿಳಿ ದಾರದ ಉಂಡೆ ಮುಗಿದು ಹೋಗಿತ್ತು, ಪೇಟೆಗೆ ಹೋಗಲು ಪುರಸೊತ್ತಿರಲಿಲ್ಲ. ಯಾರು ನೋಡುತ್ತಾರೆ ಎಂದು ನೀಲಿ ದಾರವನ್ನೇ ಸೂಜಿಗೆ ಪೋಣಿಸಿದ್ದವಳು ಅವಳೇ.

ಬಾಯಿಯ ಅಂಚನ್ನು ಒಳಗೆ ಎರಡು ಸಲ ಮಡಚುವುದೂ ಅವಳದೇ. ಅವಳ ತಾಯಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಮಾಡಿದವಳು. ಮಲಗಿದ್ದಲ್ಲೇ ಮಲಗುವ ರೋಗಿಯ ಕೆನ್ನೆಗೆ ಹೊಲಿಗೆ ಒತ್ತಬಾರದು ಎಂದು ಮಗಳಿಗೆ ಹಾಗೆ ಕಲಿಸಿದ್ದಳು. ಅಂಗಡಿಯ ಹಿಂದೆ ಮೆಟ್ಟಿಲಿಳಿದು ಹೋದರೆ ಒಂದು ತಗಡಿನ ಶೆಡ್ಡು. ಬಂದರಿನ ಹತ್ತಿರದ ಯಾವುದೋ ದೊಡ್ಡ ಲಾಡ್ಜಿನ ಬೆಡ್‌ಶೀಟು, ದಿಂಬಿನ ಕವರುಗಳು ಟೆಂಪೋದಲ್ಲಿ ಬಂದು ಬೀಳುವುದು ಅಲ್ಲಿಗೆ. ಮದುವೆಯಾಗಿ ಬಂದಾಗಿನಿಂದ ಆ ಶೆಡ್ಡು ಸೊಸೆಯ ಪಾಲು. ಸೊಂಟದ ಆಪರೇಷನ್ ಆದ ಮೇಲೆ ಅತ್ತೆ ಆ ಮೆಟ್ಟಿಲು ಇಳಿದದ್ದೂ ಇಲ್ಲ, ಅಲ್ಲಿನ ಮಡಿಕೆ ಕಂಡದ್ದೂ ಇಲ್ಲ. ಇನ್ನು ಮನೆಯ ದಿಂಬುಗಳಿಗೆ ಇಸ್ತ್ರಿ ಹಾಕುವ ಭಾಗ್ಯ ಯಾವ ಲಾಂಡ್ರಿಯವರ ಮನೆಯಲ್ಲೂ ಇರುವುದಿಲ್ಲ.

ಲಾಡ್ಜಿನ ಕವರು ಹಡಗಿಗೆ ಹೇಗೆ ಹೋಯಿತು? ಸೊಸೆ ಆ ಪ್ರಶ್ನೆಯನ್ನು ನುಂಗಿಕೊಂಡು, ಅತ್ತೆಗೆ ಬಿಸಿನೀರು ಕಾಯಿಸಲು ಒಳಗೆ ಹೋದಳು.

ಅಂದಿನ ಊಟಕ್ಕೆ ಹುರಿದ ಮೀನು, ಅನ್ನ, ಬೇಯಿಸಿದ ಆಲೂಗಡ್ಡೆ. ಅತ್ತೆಗೆ ಊಟಕ್ಕಿಂತ ಮಾತಿನ ಹಸಿವು ಜಾಸ್ತಿ.

“ಎದುರಿನ ಕನ್ನಡಕದ ಅಂಗಡಿಯವನು ಹೇಳ್ತಾನೆ, ಈಗ ಇನ್ನೂ ದೊಡ್ಡ ಹಡಗು ಬಂದಿದೆ, ಅದರಲ್ಲಿ ಜಾರುಬಂಡಿ ಇದೆ, ಸಿನಿಮಾ ಇದೆ, ರೇಟೂ ಕಡಿಮೆ ಅಂತ. ನನಗ್ಯಾಕಪ್ಪ ಜಾರುಬಂಡಿ? ನಮ್ಮ ಹಡಗಿಗೆ ಬರೋರೆಲ್ಲ ಹಳಬರು. ಒಬ್ಬ ಮೇಷ್ಟ್ರು ಬರ್ತಾರೆ, ಬರೀ ಸೂಪಿಗೋಸ್ಕರ. ಇನ್ನೊಬ್ಬಳಿಗೆ ಗಂಡ ಹೋಗಿ ಸುಮಾರು ವರ್ಷ ಆಯ್ತು. ಬಡಿಸೋ ಹುಡುಗ ಈಗಲೂ ಅವಳನ್ನ ಕೇಳ್ತಾನಂತೆ, ‘ಯಜಮಾನರು ಸಕ್ಕರೆ ಇಲ್ಲದ ಕಾಫಿ ತಾನೇ ಕುಡೀತಿದ್ದದ್ದು’ ಅಂತ. ಆ ಒಂದು ಮಾತಿಗೆ ಬರ್ತಾಳೆ. ಭೂಮಿ ಮೇಲೆ ಗಂಡನ ಕಾಫಿ ವಿಷಯ ನೆನಪಿಟ್ಟೋರು ಇನ್ಯಾರಿದ್ದಾರೆ ಅಂತಾಳೆ.”

“ನಿಮ್ಮನ್ನ ಏನು ಕೇಳ್ತಾರೆ ಅಜ್ಜಿ?”

“ಬಾಗಿಲಲ್ಲಿ ಟೋಪಿ ಹಾಕ್ಕೊಂಡು ಒಬ್ಬ ನಿಂತಿರ್ತಾನೆ. ನನ್ನ ನೋಡಿದ ಕೂಡಲೇ ‘ಮತ್ತೆ ಬಂದ್ರಾ ಅಮ್ಮ’ ಅಂತಾನೆ.” ಅತ್ತೆ ಆ ಮಾತನ್ನು ಆ ಟೋಪಿಯವನ ದನಿಯಲ್ಲೇ ಹೇಳಿದರು. “ಸುಮ್ಮನೆ ಅಂತಾರಾ? ನಿಯತ್ತಿಗೆ ಬೆಲೆ ಕೊಡೋ ಕಂಪನಿ ಅದು. ಹಳೇ ಗಿರಾಕಿಗಳು ಅಂತ ಕ್ಯಾಬಿನ್ನೇ ಬಿಟ್ಟಿ ಕೊಡ್ತಾರೆ. ಯಾವ ಕಂಪನಿ ಕೊಡುತ್ತೆ?”

ಮಾವ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದರು. ತಲೆ ಎತ್ತದೆ ಅಂದರು, “ಸೀಸನ್ ಮುಗಿಯೋ ಹೊತ್ತಿಗೆ ಇನ್ನೊಂದು ಟ್ರಿಪ್ಪಿದೆ. ಕ್ಯಾಬಿನ್ ಖಾಲಿ ಇದೆ, ಬನ್ನಿ ಅಂತ ಹೇಳಿದ್ದಾರೆ.”

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು. ಹೋದ ವರ್ಷ ಇದೇ ಮೇಜಿನಲ್ಲಿ, ಎಲ್ಲರ ಎದುರಿಗೆ, ಮಾವನೇ ಮಾತು ಕೊಟ್ಟಿದ್ದರು. ಇನ್ನೊಂದು ಟ್ರಿಪ್ ಸಿಕ್ಕಿದರೆ ಅದು ಮಗನಿಗೂ ಸೊಸೆಗೂ ಎಂದು. ಮದುವೆಯಾದ ಮೇಲೆ ಅವಳು ಈ ಊರು ಬಿಟ್ಟು ಒಂದು ಹಗಲೂ ಹೊರಗೆ ಕಳೆದವಳಲ್ಲ. ಬೇರೆ ಯಾರೋ ಹಾಸಿದ ಹಾಸಿಗೆಯಲ್ಲಿ ಮಲಗಬೇಕು, ಎದ್ದ ಮೇಲೆ ಅದನ್ನು ಮಡಚದೆ ಹಾಗೇ ಬಿಟ್ಟು ಹೋಗಬೇಕು. ಅವಳ ಆಸೆ ಅಷ್ಟೇ.

“ಹಾಗಾದ್ರೆ ಈ ಸಲ ನಮ್ಮ ಸರದಿ ಅಲ್ವಾ ಮಾವ?”

ಗಂಡ ನೀರಿನ ಜಗ್ಗನ್ನು ಅನಗತ್ಯವಾಗಿ ಅತ್ತಿಂದಿತ್ತ ಸರಿಸಿದ.

“ಅದು ಹಾಗೆಲ್ಲ ಆಗಲ್ಲಮ್ಮ,” ಅತ್ತೆ ಅಂದರು. “ಹಳೇ ಗಿರಾಕಿಗಳಿಗೆ ಅಂತ ಕೊಟ್ಟಿದ್ದು. ನೀನು ಹೋಗಿ ನಿಂತ್ರೆ ಅವನು ‘ಮತ್ತೆ ಬಂದ್ರಾ’ ಅಂತಾನಾ? ‘ಯಾರು ನೀವು’ ಅಂತಾನೆ.”

“ನೋಡೋಣ, ನೋಡೋಣ,” ಅಂದರು ಮಾವ. ಆ ಮನೆಯಲ್ಲಿ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಗಿಣಿಗೂ ಅದು ಗೊತ್ತಿತ್ತು.

ಮುಂದಿನ ವಾರ ಟೆಂಪೋ ಬಂತು. ಚಾಲಕ ಶೆಡ್ಡಿನ ಬಾಗಿಲಿಗೆ ಗಾಡಿ ಹಿಂದಕ್ಕೆ ತಿರುಗಿಸಿ, ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಇಳಿಸಿದ. ಸೊಸೆ ಎಂದಿನಂತೆ ಅವನಿಗೆ ಟೀ ಕೊಟ್ಟು, ಏನೂ ಅರಿಯದವಳ ಹಾಗೆ ಕೇಳಿದಳು.

“ಇದು ಯಾವ ಲಾಡ್ಜಿಂದಪ್ಪ?”

ಅವನು ಬಾಯಿ ತುಂಬ ನಕ್ಕ. “ಯಾವ ಲಾಡ್ಜಕ್ಕಾ? ಇವತ್ತು ಇಲ್ಲಿರುತ್ತೆ, ನಾಳೆ ಇನ್ನೊಂದು ಊರಲ್ಲಿರುತ್ತೆ, ಅಂಥಾ ಲಾಡ್ಜು. ಬಂದರಲ್ಲಿ ಬಿಳೀ ಹಡಗು ನಿಲ್ಲುತ್ತಲ್ಲ, ಅದರದು. ಟವೆಲ್ಲು ಗಿವೆಲ್ಲು ಅಲ್ಲೇ ಒಗೀತಾರೆ, ಹಾಸಿಗೆ ಬಟ್ಟೆ ಮಾತ್ರ ಹೊರಗೆ ಕೊಡ್ತಾರೆ. ನಿಮ್ಮ ಮಾವ ಹೇಳಿಲ್ವಾ? ಮೊದಲಿಂದಲೂ ಇದೇ ತಾನೇ?”

“ಮೊದಲಿಂದಲೂ ಅಂದ್ರೆ?”

“ನಾನು ಈ ಗಾಡಿಗೆ ಸೇರಿದಾಗಿಂದ. ನಿಮ್ಮ ಮದುವೆ ಆದ ವರ್ಷ ಅನ್ಸುತ್ತೆ. ಆವತ್ತು ನಿಮ್ಮ ಮದುವೆ ಊಟದ್ದೇ ಸಿಹಿ ಕೊಟ್ಟಿದ್ರು ನನಗೆ.”

ಟೀ ಲೋಟ ಕೊಟ್ಟು ಅವನು ಹೋದ. ಸೊಸೆ ಗಂಟುಗಳ ನಡುವೆ ನಿಂತೇ ಇದ್ದಳು. ಅವಳಿಗೆ ಮೊದಲು ಬಂದದ್ದು ನಗು. ಇಷ್ಟು ವರ್ಷ ಅತ್ತೆ ಊರಿಗೆಲ್ಲ ಹೊಗಳಿಕೊಂಡು ತಿರುಗಿದ ಪುಣ್ಯಾತ್ಗಿತ್ತಿ ತಾನೇ ಎಂಬ ನಗು. ಆಮೇಲೆ, ಆ ಕೆಲಸಕ್ಕೆ ಲಾಡ್ಜಿನವರು ಸರಿಯಾಗಿ ದುಡ್ಡು ಕೊಡುವುದಿಲ್ಲ, ಏನೋ ಪರಿಚಯಕ್ಕೆ ಮಾಡುತ್ತಿದ್ದೇವೆ ಎಂದು ಮಾವ ಪ್ರತಿ ಸಲ ಹೇಳುತ್ತಿದ್ದದ್ದು ನೆನಪಾಯಿತು. ನಗು ಎಲ್ಲಿ ಹೋಯಿತೋ, ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು.

ಗಂಡ ಒಗೆಯುವ ಯಂತ್ರದ ಬೆಲ್ಟು ಬಿಗಿ ಮಾಡುತ್ತಿದ್ದ. ಅವನ ಪಕ್ಕ ಹೋಗಿ ನಿಂತಳು.

“ರೀ, ಹಡಗಿನೋರು ನಿಮ್ಮಪ್ಪ ಅಮ್ಮನಿಗೆ ಕ್ಯಾಬಿನ್ ಯಾಕೆ ಬಿಟ್ಟಿ ಕೊಡ್ತಾರೆ?”

ಸ್ಪ್ಯಾನರು ಅವನ ಕೈಯಿಂದ ಜಾರಿತು. “ಯಾರು ಹೇಳಿದ್ರು ನಿನಗೆ?”

“ನಾನು ಏನೂ ಹೇಳೇ ಇಲ್ವಲ್ಲ. ಕೇಳಿದೆ ಅಷ್ಟೇ.”

“ಅಪ್ಪ ಬೇಡ ಅಂದಿದ್ರು ಕಣೇ,” ಅವನು ಎಣ್ಣೆ ಕೈಯನ್ನು ಒರೆಸಿ ಒರೆಸಿ ಬಟ್ಟೆಯನ್ನೇ ಕಪ್ಪು ಮಾಡಿದ. “ಅಮ್ಮನಿಗೆ ಗೊತ್ತಾದ್ರೆ ಅಲ್ಲಿಗೆ ಕಾಲಿಡಲ್ಲ ಅಂದ್ರು. ನಿನಗೆ ಗೊತ್ತಾದ್ರೆ ಅಮ್ಮನಿಗೆ ಗೊತ್ತಾಗುತ್ತೆ ಅಂದ್ರು.”

“ಹಾಗಂತ ಇಷ್ಟು ವರ್ಷ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ್ರಾ?”

“ಸುಳ್ಳು ಎಲ್ಲಿ ಹೇಳಿದೆ? ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.”

ಈ ಮಾತು ಹೇಳಿದ ಮೇಲೆ ಅವನು ಗೆದ್ದವನ ಹಾಗೆ ಬಗ್ಗಿ ಸ್ಪ್ಯಾನರು ಹುಡುಕಿದ. ಅವಳಿಗೆ ಆ ಬಗ್ಗಿದ ಬೆನ್ನನ್ನು ನೋಡಿ ಅಸಹ್ಯವಾಯಿತು. ಮಾವ ಮೋಸ ಮಾಡಿದ್ದು ಒಂದು ತೂಕವಾದರೆ, ಇವನು ಪಕ್ಕದಲ್ಲೇ ಮಲಗಿಕೊಂಡು ಬಾಯಿಗೆ ಬೀಗ ಹಾಕಿಕೊಂಡದ್ದು ಇನ್ನೊಂದು ತೂಕ.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಎಲ್ಲರೂ ಊಟಕ್ಕೆ ಕೂತರು. ಸೊಸೆ ಗಿಣಿಯನ್ನು ಬ್ರೆಡ್ ತರಲು ಬೇಕರಿಗೆ ಕಳಿಸಿದಳು. ನಂತರ ಆ ದಿಂಬಿನ ಕವರನ್ನೂ, ಶೆಡ್ಡಿನಿಂದ ತಂದ ಇನ್ನೊಂದನ್ನೂ ಅತ್ತೆಯ ತಟ್ಟೆಯ ಪಕ್ಕ ಇಟ್ಟಳು. ಎರಡರ ಮಡಿಕೆಯೂ ಒಂದೇ.

“ಇದರಲ್ಲಿ ಹಡಗಿನದು ಯಾವುದು ಹೇಳಿ ಅತ್ತೆ.”

ಅತ್ತೆ ಅದನ್ನೂ ಇದನ್ನೂ ಮುಟ್ಟಿ ನೋಡಿದರು. ಅವರೂ ವಯಸ್ಸೆಲ್ಲ ಇಸ್ತ್ರಿಯಲ್ಲೇ ಸವೆಸಿದವರು. ಬೆರಳಿಗೆ ತಿಳಿದದ್ದನ್ನು ಬಾಯಿ ಒಪ್ಪಿಕೊಳ್ಳಲು ಹೊತ್ತು ಹಿಡಿಯಿತು.

“ಇನ್ನೊಂದು ಎಲ್ಲಿ ಸಿಕ್ತು ನಿನಗೆ?”

“ನಮ್ಮ ಶೆಡ್ಡಲ್ಲಿ. ಹೋದ ವಾರ ನಾನೇ ಮಾಡಿದ್ದು. ನೀವು ತಂದದ್ದೂ ನಾನೇ ಮಾಡಿದ್ದು. ಈ ನೀಲಿ ದಾರ ನಂದು. ಲಾಡ್ಜೂ ಇಲ್ಲ, ಗೀಡ್ಜೂ ಇಲ್ಲ. ಮಾವ, ನೀವು ಹೇಳ್ತೀರಾ, ನಾನು ಹೇಳ್ಲಾ?”

ಮಾವ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಅವರು ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಕೂಗಾಡಿ ಹಗುರಾಗಬಹುದಿತ್ತು.

“ಆಪರೇಷನ್ ಆದ ಮೇಲೆ ನೀನು ಹೇಗಿದ್ದೆ ನೆನಪಿದೆಯಾ?” ಅವರು ಹೆಂಡತಿಯನ್ನು ಕೇಳಿದರು. “ಮಾತಿಲ್ಲ, ಕತೆಯಿಲ್ಲ, ಗೋಡೆಗೆ ಮುಖ ಮಾಡ್ಕೊಂಡು ಮಲಗಿರ್ತಿದ್ದೆ. ಕೂಡಿಟ್ಟಿದ್ದೆಲ್ಲ ಹಾಕಿ ಒಂದು ಸಲ ಹಡಗಿಗೆ ಕರ್ಕೊಂಡು ಹೋದೆ. ವಾಪಸ್ ಬರುವಾಗ ಹಾಡಿಕೊಂಡು ಬಂದೆ ನೀನು. ಮಾರನೇ ವರ್ಷ ‘ಯಾವಾಗ ಹೋಗೋದು’ ಅಂದೆ. ಎಲ್ಲಿಂದ ತರಲಿ? ಬಂದರಿನ ಆಫೀಸಿನಲ್ಲಿ ಒಬ್ಬರ ಕೈಕಾಲು ಹಿಡಿದೆ. ಬಟ್ಟೆ ಒಗೆದು ಕೊಡ್ತೀವಿ, ದುಡ್ಡು ಅರ್ಧಕ್ಕರ್ಧ ಕೊಡಿ ಸಾಕು, ವರ್ಷಕ್ಕೊಂದು ಕ್ಯಾಬಿನ್ ಕೊಡಿ ಅಂದೆ. ಒಪ್ಪಿದ್ರು.”

“ಮತ್ತೆ ಹಳೇ ಗಿರಾಕಿಗಳು ಅಂತ...”

“ಅದು ನಾನು ಕಟ್ಟಿದ ಕತೆ.”

ಅತ್ತೆ ಎರಡೂ ಕವರುಗಳನ್ನು ಪಕ್ಕಕ್ಕೆ ಸರಿಸಿದರು. “ಆ ಬಾಗಿಲಲ್ಲಿ ನಿಂತಿರ್ತಾನಲ್ಲ, ಅವನು?”

“ಹತ್ತೋರಿಗೆಲ್ಲ ಏನಾದ್ರೂ ಒಂದು ಅಂತಾನೆ ಕಣೇ. ಅದು ಅವನ ಕೆಲಸ.”

ಸೊಸೆ ಅಷ್ಟಕ್ಕೆ ಬಿಡಲಿಲ್ಲ. “ಮಾವ, ಆ ಬಟ್ಟೆ ಒಪ್ಕೊಂಡಿದ್ದು ನನ್ನ ಮದುವೆಗೆ ಮೊದಲಾ, ಆಮೇಲಾ?”

ಮಾವ ಮಗನ ಮುಖ ನೋಡಿದರು, ಮಗ ಅಪ್ಪನ ಮುಖ ನೋಡಿದ.

“ಮೊದಲೇ ಒಪ್ಕೊಂಡ್ರಿ. ಅತ್ತೆಗೆ ಸೊಂಟ ಬಗ್ಗಲ್ಲ. ಮಾಡೋ ಕೈ ಬೇಕಿತ್ತು. ಅದಕ್ಕೇ ಅಲ್ವಾ ನಮ್ಮಮ್ಮನ ಹತ್ರ ಬಂದು, ಆಸ್ಪತ್ರೆ ಬಟ್ಟೆ ಕೆಲಸ ಮಗಳಿಗೂ ಬರುತ್ತಾ ಅಂತ ಕೇಳಿದ್ದು? ನಾವು ಸುಮ್ನೆ ಮಾತಿಗೆ ಕೇಳಿದ್ರು ಅಂದ್ಕೊಂಡಿದ್ವಿ.”

“ಛೆ ಛೆ, ಏನು ಮಾತು ಅಂತ ಆಡ್ತೀಯಮ್ಮ,” ಅಂದರು ಮಾವ. ಆದರೆ ಇಲ್ಲ ಎನ್ನಲಿಲ್ಲ. ಅಷ್ಟರಲ್ಲಿ ಗಿಣಿ ಬ್ರೆಡ್ ಹಿಡಿದು ಬಂದು, “ಯಾಕೆ ಯಾರೂ ತಿಂದೇ ಇಲ್ಲ?” ಅಂದಳು. ಅತ್ತೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅತ್ತೆ ಗಲ್ಲಾಕ್ಕೆ ಬರುವುದನ್ನು ನಿಲ್ಲಿಸಿದರು. ಮಾವ ಅಲ್ಲಿ ಕೂತು ಗಿರಾಕಿಗಳ ಚೀಟಿಗಳನ್ನು ಅದಲುಬದಲು ಮಾಡಿದರು. ಪ್ಯಾಂಟು ಕೊಟ್ಟವನಿಗೆ ಪರದೆ ಹೋಯಿತು, ಪರದೆ ಕೊಟ್ಟವಳು ಬಂದು ಜಗಳ ಆಡಿದಳು. ಸೊಸೆ ಅಡುಗೆ ಮಾಡಿಟ್ಟು, ಗಂಡಸರು ಬಡಿಸಿಕೊಳ್ಳಲಿ ಎಂದು ಶೆಡ್ಡಿಗೆ ಹೋಗಿಬಿಡುತ್ತಿದ್ದಳು. ಕೆಲಸ ಮಾತ್ರ ಬಿಡಲಿಲ್ಲ. ಬಿಟ್ಟರೆ ಗಿಣಿಯ ಶಾಲೆಯ ಫೀಜಿಗೂ ಕಲ್ಲು ಬೀಳುತ್ತದೆ ಎಂದು ಗಂಡ ಹೇಳಿದ್ದ.

ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಅತ್ತೆ ಗೋಡೆ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ನಿಂತು, ಶೆಡ್ಡಿಗೆ ಇಳಿದು ಬಂದರು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತರು. ತಗಡಿನ ಕೆಳಗೆ ಉಸಿರು ಕಟ್ಟುವ ಸೆಕೆ. ಸೊಸೆ ಬೆನ್ನೆಲ್ಲ ಒದ್ದೆಯಾಗಿ ಕವರು ತಿಕ್ಕುತ್ತಿದ್ದಳು.

“ಇಷ್ಟು ಸೆಕೆ ಇದೆಯಾ ಇಲ್ಲಿ?”

“ಇವತ್ತು ಪರವಾಗಿಲ್ಲ ಅತ್ತೆ.”

ಅತ್ತೆ ತುಂಬ ಹೊತ್ತು ಅವಳ ಕೈಯನ್ನೇ ನೋಡಿದರು. ಕೊನೆಗೆ, “ಒಳಗಿನ ಮಡಿಕೆ ನಿನ್ನಮ್ಮ ಕಲಿಸಿದ್ದಾ?” ಅಂದರು. ಸೊಸೆ ಹೂಂ ಅಂದಳು. ಅತ್ತೆ ಮುಗಿದ ಕವರುಗಳನ್ನು ಎತ್ತಿಕೊಂಡು ಒಂದರ ಮೇಲೊಂದು ಜೋಡಿಸತೊಡಗಿದರು. ಜೋಡಿಸುತ್ತಾ ಅಳುತ್ತಿದ್ದರು, ಮರೆಮಾಚಲೂ ಇಲ್ಲ.

“ನನ್ನ ಮೂರ್ಖಳನ್ನಾಗಿ ಮಾಡಿದ್ರಲ್ಲೇ ಅಪ್ಪ ಮಗ ಇಬ್ಬರೂ. ಬೀದಿಗೆಲ್ಲ ಹೇಳ್ಕೊಂಡು ಬಂದೆ.”

“ನನ್ನನ್ನೂ ಅತ್ತೆ.”

“ಹೂಂ, ನಿನ್ನನ್ನೂ.”

ಅಂದಿನಿಂದ ಅತ್ತೆ ದಿನಾ ಇಳಿದು ಬಂದರು. ಅತ್ತೆ ಸೊಸೆ ಶೆಡ್ಡಿನಲ್ಲೇ ಕೂತು ಮೊಟ್ಟೆ ಬ್ರೆಡ್ ತಿಂದರು, ಗಂಡಸರನ್ನು ಮನಸಾರೆ ಬೈದರು. ಸೊಸೆಗೆ ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಆ ಮನೆಯಲ್ಲಿ ತನ್ನವರು ಅಂತ ಒಬ್ಬರು ಸಿಕ್ಕ ಹಾಗಾಯಿತು. ಮೋಸದ ನೋವು ಹೋಗಲಿಲ್ಲ, ಆದರೆ ಹಂಚಿಕೊಳ್ಳಲು ಜೊತೆಯಿತ್ತು.

ಒಂದು ದಿನ ಅತ್ತೆ ಊಟದ ಮೇಜಿನಲ್ಲೇ ಜೋರಾಗಿ ಹೇಳಿದರು.

“ಈ ಸಲ ಹಡಗಿಗೆ ಇವಳು ಹೋಗ್ತಾಳೆ, ಇವಳ ಗಂಡ ಹೋಗ್ತಾನೆ. ನಾನು ಅಂಗಡಿ ನೋಡ್ಕೋತೀನಿ, ಗಿಣಿ ನನ್ನ ಹತ್ರ ಇರ್ತಾಳೆ. ನೀವು ಹೋಗಿ ಕ್ಯಾಬಿನ್ನಿನ ಹೆಸರು ಬದಲಾಯಿಸಿ ಬನ್ನಿ.”

“ಈಗ ಬದಲಾಯಿಸೋದು ಅಂದ್ರೆ...” ಮಾವ ಗೊಣಗಿದರು.

“ಕೈಕಾಲು ಹಿಡಿಯೋದು ಅಭ್ಯಾಸ ಇದೆಯಲ್ಲ. ಇನ್ನೊಂದು ಸಲ ಹಿಡೀರಿ.”

ಮಾವ ಹೋದರು, ಬಂದರು, ಆಯಿತು ಅಂದರು. ಸೊಸೆಗೆ ನಂಬಲು ಎರಡು ದಿನ ಬೇಕಾಯಿತು. ನಂಬಿದ ಮೇಲೆ ಮಾತ್ರ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಳೆಯ ಪೆಟ್ಟಿಗೆಗೆ ಹೊಸ ಬೀಗ ತಂದಳು. ಎರಡು ಹೊಸ ಉಡುಪು ಹೊಲಿದುಕೊಂಡಳು. ಅತ್ತೆಯೇ ಕೂತು ಅವುಗಳಿಗೆ ಗುಂಡಿ ಹಾಕಿಕೊಟ್ಟರು. ಹಡಗು ಹತ್ತಿದ ಮೇಲೆ ಎಡಕ್ಕೆ ತಿರುಗಿದರೆ ಊಟದ ಕೋಣೆ, ಕಿಟಕಿಯ ಪಕ್ಕದ ಮೇಜನ್ನೇ ಕೇಳು, ಅಲೆ ಜೋರಾದರೆ ನಿಂಬೆಹಣ್ಣು ಮೂಸು, ಹೀಗೆ ಗಿಣಿಗೆ ಪಾಠ ಹೇಳುವ ಹಾಗೆ ಹೇಳಿಕೊಟ್ಟರು. ಗಂಡನ ಮೇಲಿನ ಸಿಟ್ಟು ಕೂಡ ಅವಳಿಗೆ ತುಸು ಇಳಿಯಿತು. ಸಮುದ್ರದ ಮೇಲೆ ಕೂತು ಒಂದು ದಿನವಾದರೂ ಅವನಿಗೆ ಸರಿಯಾಗಿ ಉಗಿಯಬೇಕು ಎಂದುಕೊಂಡಳು. ಮನೆಯಲ್ಲಿ ಅದಕ್ಕೂ ಪುರಸೊತ್ತು ಸಿಕ್ಕಿರಲಿಲ್ಲ.

ಹೊರಡುವ ವಾರ ಅತ್ತೆ ಮತ್ತೆ ಗಲ್ಲಾದಲ್ಲಿ ಕೂತರು. ಕನ್ನಡಕದ ಅಂಗಡಿಯವನು ಅಂಗಿ ಒಯ್ಯಲು ಬಂದ.

“ಏನು ಹಡಗಮ್ಮ, ಹೊರಡೋ ತಯಾರಿ ಆಯ್ತಾ?”

“ಈ ಸಲ ಮಗ ಸೊಸೆ ಹೋಗ್ತಾರಪ್ಪ.”

“ಅಯ್ಯೋ, ಹಾಗಾದ್ರೆ ಇನ್ಮೇಲೆ ನಿಮ್ಮನ್ನ ಏನಂತ ಕರೆಯೋದು? ಲಾಂಡ್ರಿಯಮ್ಮ ಅನ್ಲಾ?” ಅವನು ತನ್ನ ಜೋಕಿಗೆ ತಾನೇ ನಕ್ಕು ಹೋದ.

ಸೊಸೆ ಒಳಗಿನಿಂದ ಇದನ್ನು ಕೇಳಿಸಿಕೊಂಡಳು, ಅವಳಿಗೂ ನಗು ಬಂತು. ಅಂದು ಅತ್ತೆ ಶೆಡ್ಡಿಗೆ ಬರಲಿಲ್ಲ. ಸೊಂಟ ನೋವಿರಬೇಕು ಎಂದುಕೊಂಡಳು. ರಾತ್ರಿ ಊಟದಲ್ಲಿ ಅತ್ತೆ ಯಾರ ಜೊತೆಗೂ ಮಾತಾಡದೆ ಎದ್ದರು. ಅದನ್ನೂ ನೋವಿನ ಲೆಕ್ಕಕ್ಕೆ ಹಾಕಿದಳು.

ಹಡಗು ಹೊರಡುವ ದಿನದ ಹಿಂದಿನ ಸಂಜೆ ಗಂಟುಗಳು ಬಂದವು. ಬೆಳಿಗ್ಗೆ ಟೆಂಪೋ ಬರುವುದರೊಳಗೆ ಎಲ್ಲ ಮುಗಿಯಬೇಕು. ಸೊಸೆ ರಾತ್ರಿಯೇ ಎಲ್ಲ ಒಗೆದು ಒಣಗಿಸಿ, ಬೆಳಕು ಹರಿಯುವ ಮೊದಲೇ ಎದ್ದು ಇಸ್ತ್ರಿಗೆ ಕೈ ಹಚ್ಚಿದಳು. ತಾನು ಮಲಗುವ ಹಾಸಿಗೆಯ ಬಟ್ಟೆಗೆ ತಾನೇ ಇಸ್ತ್ರಿ ಹಾಕುವ ಪ್ರಯಾಣಿಕಳು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದು ಅವಳಿಗೆ ತಮಾಷೆ ಅನಿಸಿತು. ಅರ್ಧಕ್ಕಿಂತ ಹೆಚ್ಚು ಮುಗಿದ ಮೇಲೆ, ಬೇಗ ಸ್ನಾನ ಮಾಡಿ ಬಟ್ಟೆ ಹಾಕಿಕೊಂಡು ಬಂದು ಉಳಿದದ್ದನ್ನು ಮುಗಿಸೋಣ ಎಂದು ಮೇಲೆ ಹೋದಳು.

ನಡುಮನೆಯ ಬಾಗಿಲ ಪಕ್ಕ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ತಲೆ ಬಾಚಿ, ಒಳ್ಳೆಯ ಬಟ್ಟೆ ತೊಟ್ಟು, ಕಾಲಿಗೆ ಬೂಟು ಹಾಕಿಕೊಂಡಿದ್ದರು. ಪಕ್ಕದಲ್ಲಿ ಅವರ ಪೆಟ್ಟಿಗೆ. ಮಾವ ಕೋಟು ತೊಟ್ಟು ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು. ಗಂಡ ಬನಿಯನ್ನಿನಲ್ಲೇ ಇದ್ದ. ಅವನು ಎಲ್ಲಿಗೂ ಹೊರಡುವ ಹಾಗೆ ಕಾಣಲಿಲ್ಲ. ಅವಳಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಯಿತು. ಆದರೂ ಕೇಳಿದಳು.

“ಏನತ್ತೆ ಇದು?”

“ನಾನು ಹೋಗ್ತೀನಮ್ಮ.”

“ಹೆಸರು ಬದಲಾಯಿಸಿದ್ದು?”

“ಮೊನ್ನೆ ನಿನ್ನ ಮಾವ ವಾಪಸ್ ಬದಲಾಯಿಸಿದ್ರು.”

“ಮೊನ್ನೆ!” ಅವಳು ಗಂಡನ ಕಡೆ ತಿರುಗಿದಳು. “ನಿಮಗೂ ಗೊತ್ತಿತ್ತು.”

“ಅಮ್ಮ ಅತ್ತರು ಕಣೇ,” ಅಂದ ಗಂಡ. “ನಾನೇನು ಮಾಡ್ಲಿ?”

“ನನಗೊಂದು ಮಾತು ಹೇಳಬಹುದಿತ್ತು. ಬೆಳಿಗ್ಗೆ ನಾನು ಶೆಡ್ಡಿಗೆ ಹೋಗುವಾಗ ಎಚ್ಚರ ಇದ್ರಿ ನೀವು.”

ಅತ್ತೆ ಅವಳ ಕೈ ಹಿಡಿಯಲು ಕೈ ಚಾಚಿದರು. ಅವಳು ಕೈ ಕೊಡಲಿಲ್ಲ.

“ಕೋಪ ಮಾಡ್ಕೋಬೇಡ. ನಿನಗೆ ಹೇಳಿದ್ದು ಮನಸ್ಸಿಂದಲೇ ಹೇಳಿದ್ದು. ಆದ್ರೆ ಈ ವಾರವೆಲ್ಲ ನಿದ್ದೆ ಹತ್ತಲಿಲ್ಲ. ಆ ಬಾಗಿಲಲ್ಲಿ ನಿಂತವನು ಎಲ್ಲರಿಗೂ ಹಾಗೇ ಅಂತಾನೆ, ಗೊತ್ತು. ಸುಳ್ಳೇ ಇರಲಿ. ‘ಮತ್ತೆ ಬಂದ್ರಾ’ ಅಂತ ನನ್ನ ನೋಡಿ ಅನ್ನೋರು ಇನ್ನೆಲ್ಲಿದ್ದಾರೆ? ಇಲ್ಲಿ ನಾನು ಯಾರು? ಸೊಂಟ ಬಿದ್ದ ಮುದುಕಿ. ಅಲ್ಲಿ ಹೋದ್ರೆ ಒಬ್ಬಳು ಯಾರೋ ಆಗಿರ್ತೀನಿ. ನಿನಗೇನು, ವಯಸ್ಸಿದೆ. ಇವತ್ತಲ್ಲ ನಾಳೆ ಹೋಗ್ತೀಯ.”

“ನೀವು ಯಾರೋ ಆಗಿರೋದು ನನ್ನ ಕೈಯಿಂದ ಅತ್ತೆ. ಅದು ಗೊತ್ತಿದ್ದೂ ಹೊರಟಿದೀರಿ.”

“ಗೊತ್ತಿದೆ.” ಅತ್ತೆ ಎದ್ದರು. ಹೊರಗೆ ಬಾಡಿಗೆ ಕಾರು ಹಾರ್ನ್ ಮಾಡಿತು. ಮಾವ ಪೆಟ್ಟಿಗೆ ಎತ್ತಿಕೊಂಡು, ಯಾರ ಕಣ್ಣಿಗೂ ಕಣ್ಣು ಕೊಡದೆ ಮೊದಲು ಹೊರಗೆ ಹೋದರು. ಅತ್ತೆ ಬಾಗಿಲ ಹತ್ತಿರ ನಿಂತು ಹಿಂತಿರುಗಿದರು. ಏನೋ ನೆನಪಾದವರ ಹಾಗೆ, ಶೆಡ್ಡಿನಲ್ಲಿ ಜೊತೆಗೆ ಮೊಟ್ಟೆ ತಿಂದ ದಿನಗಳ ಅದೇ ಸಲಿಗೆಯ ದನಿಯಲ್ಲಿ ಹೇಳಿದರು. “ಈ ಸಲ ಕವರಿಗೆ ಗಂಜಿ ಸ್ವಲ್ಪ ಕಡಿಮೆ ಹಾಕಮ್ಮ. ಹೋದ ಸಲ ನನ್ನ ಕೆನ್ನೆ ಉರೀತು.”

ಕಾರು ಹೋಯಿತು. ಸೊಸೆ ಅಳಲಿಲ್ಲ. ಮಾವ ಮೋಸ ಮಾಡಿದಾಗ ಬೆಂಕಿ ಬಿದ್ದಿತ್ತು, ಗಂಡ ಮಾಡಿದಾಗ ಅಸಹ್ಯವಾಗಿತ್ತು. ಈಗ ಏನೂ ಆಗಲಿಲ್ಲ, ಅದೇ ಅವಳಿಗೆ ಭಯ ತಂದಿತು. ಮೆಟ್ಟಿಲಿಳಿದು ಶೆಡ್ಡಿಗೆ ಹೋದಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ನಲ್ಲಿ ತಿರುಗಿಸಿ ತೊಟ್ಟಿ ತುಂಬಿದಳು. ಬೆಳಗಿನಿಂದ ತಿಕ್ಕಿ ಮಡಚಿ ಜೋಡಿಸಿದ್ದ ರಾಶಿಯನ್ನು ಒಂದೊಂದೇ ಮಡಿಲು ಎತ್ತಿ ತಂದು ನೀರಿಗೆ ಇಳಿಸಿದಳು. ಒಂದೂ ತೇಲದ ಹಾಗೆ ಕೈಯಿಂದ ಒತ್ತಿ ಒತ್ತಿ ಮುಳುಗಿಸಿದಳು.

ಟೆಂಪೋ ಚಾಲಕ ಬಂದು ಬಾಗಿಲಲ್ಲೇ ನಿಂತ. “ಅಕ್ಕಾ! ಇದೇನು, ಎಲ್ಲ ಒದ್ದೆ?”

“ಒದ್ದೆಯಾಗಿಯೇ ಒಯ್ಯಿ.”

“ಹೀಗೆ ಒಯ್ದ್ರೆ ನನ್ನ ಕೊಂದೇ ಬಿಡ್ತಾರೆ.”

“ನಮ್ಮತ್ತೆ ಹಡಗಿಗೆ ಹೋಗಿದ್ದಾರೆ ಅನ್ನು. ಇಸ್ತ್ರಿ ಅವರಿಗೆ ಚೆನ್ನಾಗಿ ಬರುತ್ತೆ.”

ಅವನ ಕೂಗು ಕೇಳಿ ಗಂಡ ಓಡಿ ಬಂದ. ತೊಟ್ಟಿ ನೋಡಿ ಎರಡೂ ಕೈ ತಲೆ ಮೇಲೆ ಹೊತ್ತುಕೊಂಡ.

“ಹುಚ್ಚು ಹಿಡಿದಿದೆಯಾ ನಿನಗೆ? ಅವರು ಈಗಷ್ಟೇ ಹತ್ತಿರ್ತಾರೆ! ಬಟ್ಟೆ ಹೋಗಲಿಲ್ಲ ಅಂದ್ರೆ ಅಪ್ಪ ಅಮ್ಮನ್ನ ಎಲ್ಲರ ಎದುರಿಗೆ ಹಡಗಿಂದ ಇಳಿಸ್ತಾರೆ!”

“ಯಾಕೆ ಇಳಿಸ್ತಾರೆ?” ಅವಳು ಒದ್ದೆ ಕೈ ಒರೆಸಿಕೊಂಡಳು. “ಹಳೇ ಗಿರಾಕಿಗಳಲ್ವಾ?”

ಅವಳು ಗಂಡನನ್ನು ದಾಟಿಕೊಂಡು, ಕಟ್ಟಿಟ್ಟಿದ್ದ ತನ್ನ ಪೆಟ್ಟಿಗೆಯನ್ನು ಬಿಚ್ಚಲು ಮೇಲೆ ಹೋದಳು.